ನೋಡಲು ಚೆನ್ನಾಗಿದೆ, ಐಡಿಯಾ ಎಲ್ಲಿ?

ಪ್ರಶ್ನೆ: ನಾನು ಗ್ರಾಫಿಕ್ ಡಿಸೈನ್ ಎರಡನೇ ವರ್ಷದಲ್ಲಿ ಓದುತ್ತಿದ್ದೇನೆ. ಈ ಸೆಮಿಸ್ಟರ್‌ಗೆ ಮೂರು ಪ್ರಾಜೆಕ್ಟ್ ಇವೆ. ‘ನೀರು ಉಳಿಸಿ’ ಅನ್ನುವ ಪೋಸ್ಟರ್, ಒಂದು ಗ್ರಂಥಾಲಯಕ್ಕೆ ಲೋಗೊ, ನನಗೆ ಇಷ್ಟವಾದ ವಿಷಯದ ಮೇಲೆ ಒಂದು ಚಿಕ್ಕ ಪುಸ್ತಕ. ಸಾಫ್ಟ್‌ವೇರ್ ಚೆನ್ನಾಗಿಯೇ ಬರುತ್ತದೆ. ಆದರೆ ಏನು ಮಾಡಿದರೂ ನಮ್ಮ ಮೇಡಂ ‘ನೋಡಲು ಚೆನ್ನಾಗಿದೆ, ಐಡಿಯಾ ಎಲ್ಲಿ?’ ಅಂತ ಕೇಳುತ್ತಾರೆ. ಪಿಂಟರೆಸ್ಟ್‌ನಲ್ಲಿ ಗಂಟೆಗಟ್ಟಲೆ ಹುಡುಕಿದರೂ ಹೊಸದೇನೂ ಹೊಳೆಯುವುದಿಲ್ಲ. ಕ್ರಿಯೇಟಿವಿಟಿ ಹುಟ್ಟಿನಿಂದಲೇ ಬರಬೇಕಾ? ಈ ಕ್ಲಾಸ್ ಕೆಲಸಗಳನ್ನೇ ಪೋರ್ಟ್‌ಫೋಲಿಯೊದಲ್ಲಿ (ಕೆಲಸ ಕೇಳುವಾಗ ತೋರಿಸುವ ಸಂಗ್ರಹದಲ್ಲಿ) ಹಾಕಬಹುದಾ?

ಉತ್ತರ: ನಿಮ್ಮ ಮೇಡಂ ಕೇಳಿದ ಪ್ರಶ್ನೆಯನ್ನು ನನಗೂ ಕೇಳಿದ್ದರು, ಬಹಳ ವರ್ಷದ ಹಿಂದೆ, ಇನ್ನೂ ಸ್ವಲ್ಪ ಒರಟಾಗಿ. ಆಮೇಲೆ ನಾನೂ ಮೇಜಿನ ಆ ಕಡೆ ನಿಂತು ಅದೇ ಪ್ರಶ್ನೆಯನ್ನು ಬೇರೆಯವರಿಗೆ ಕೇಳಿದ್ದೇನೆ. ಹಾಗಾಗಿ ಹುಟ್ಟಿನ ಮಾತನ್ನು ಮೊದಲೇ ಬದಿಗಿಡೋಣ. ನಿಮ್ಮ ತಲೆಗೆ ಏನೂ ಆಗಿಲ್ಲ, ತೊಂದರೆ ಇರುವುದು ಬ್ರೀಫ್‌ನಲ್ಲಿ, ಅಂದರೆ ಏನು ಮಾಡಬೇಕು ಅಂತ ನಿಮಗೆ ಕೊಟ್ಟ ವಿವರಣೆಯಲ್ಲಿ. ‘ನೀರು ಉಳಿಸಿ’ ಅನ್ನುವುದು ಬರೀ ವಿಷಯದ ಹೆಸರು. ಯಾರು ಉಳಿಸಬೇಕು, ಯಾವ ನೀರು, ಅವರು ಎಲ್ಲಿ ನಿಂತು ಇದನ್ನು ಓದುತ್ತಾರೆ, ಓದಿದ ಮೇಲೆ ಕೈ ಏನು ಮಾಡಬೇಕು, ಇದ್ಯಾವುದೂ ಗೊತ್ತಿಲ್ಲದೆ ಕಂಪ್ಯೂಟರ್ ಮುಂದೆ ಕೂತರೆ ಕ್ಲಾಸಿನ ಮೂವತ್ತು ಜನರ ಕೈಯೂ ಒಂದೇ ಕಡೆ ಹೋಗುತ್ತದೆ.

ಬೇಕಾದರೆ ಪರೀಕ್ಷೆ ಮಾಡಿ ನೋಡಿ. ‘ನೀರು ಉಳಿಸಿ’ ಅಂದ ತಕ್ಷಣ ಹೊಳೆಯುವ 20 ಚಿತ್ರಗಳನ್ನು ಪೆನ್ಸಿಲ್‌ನಲ್ಲಿ ಗೀಚಿ, ಒಂದೊಂದಕ್ಕೆ ಅರ್ಧ ನಿಮಿಷ ಸಾಕು. ಏನೇನು ಬರುತ್ತದೆ ಅಂತ ನೋಡದೆಯೇ ಹೇಳಬಲ್ಲೆ. ಹನಿಯೊಳಗೆ ಭೂಮಿ, ನಲ್ಲಿಯ ತುದಿಯಲ್ಲಿ ಕೊನೆಯ ಹನಿ, ಬಿರುಕು ಬಿಟ್ಟ ನೆಲ, ಬೊಗಸೆಯಲ್ಲಿ ನೀರು, ಅರ್ಧ ಹಸಿರು ಅರ್ಧ ಒಣಗಿದ ಮರ. ಹತ್ತು ಹನ್ನೊಂದರ ಹೊತ್ತಿಗೆ ಕೈ ನಿಲ್ಲುತ್ತದೆ, ಬೇಜಾರಾಗುತ್ತದೆ. ನಿಲ್ಲಿಸಬೇಡಿ. ಮೊದಲ ಹತ್ತು ಎಲ್ಲರ ತಲೆಯಲ್ಲೂ ಇರುವ ಸರಕು. ಅದನ್ನು ಕಾಗದದ ಮೇಲೆ ಸುರಿದು ಮುಗಿಸದಿದ್ದರೆ ಅದು ತಲೆಯಲ್ಲೇ ಕೂತು ಉಳಿದದ್ದಕ್ಕೆ ದಾರಿ ಬಿಡುವುದಿಲ್ಲ. ಪಿಂಟರೆಸ್ಟ್ ಕೂಡ ಇದೇ ಹತ್ತನ್ನು ಹೊಳಪು ಹಚ್ಚಿ ತೋರಿಸುತ್ತದೆ, ಅದಕ್ಕೇ ಅಲ್ಲಿ ಎಷ್ಟು ಹೊತ್ತು ಇದ್ದರೂ ನಿಮಗೆ ಹೊಸದು ಸಿಗುತ್ತಿಲ್ಲ. ಎಐ ಚಿತ್ರದ ಸಾಧನಗಳ ಕಥೆಯೂ ಸದ್ಯಕ್ಕೆ ಹೆಚ್ಚು ಬೇರೆಯಲ್ಲ. ಬರೀ ‘ನೀರು ಉಳಿಸಿ ಪೋಸ್ಟರ್’ ಅಂತ ಟೈಪ್ ಮಾಡಿ ನೋಡಿ, ಹನಿಯೊಳಗಿನ ಭೂಮಿ ಇನ್ನೂ ಚೆಂದವಾಗಿ ಬರುತ್ತದೆ, ಅಷ್ಟೇ.

ಈಗ ಬ್ರೀಫ್ ಅನ್ನು ನೀವೇ ಬರೆಯಿರಿ. ಇದು ಮೋಸ ಏನಲ್ಲ, ಕೆಲಸಕ್ಕೆ ಸೇರಿದ ಮೇಲೂ ಡಿಸೈನರ್ ಮಾಡುವ ಮೊದಲ ಕೆಲಸ ಇದೇ. ನಾನು ನಿಮ್ಮ ಪೋಸ್ಟರನ್ನೇ ಹಿಡಿದು ಒಂದು ದಾರಿ ತೋರಿಸುತ್ತೇನೆ, ಇದನ್ನೇ ಮಾಡಿ ಅಂತಲ್ಲ.

‘ಯಾರು’ ಅನ್ನುವುದಕ್ಕೆ ‘ಸಾರ್ವಜನಿಕರು’ ಅಂತ ಬರೆದರೆ ಏನೂ ಬರೆಯದ ಹಾಗೆ. ಬೆಳಿಗ್ಗೆ ಹಲ್ಲುಜ್ಜುವಾಗ ನಲ್ಲಿ ಬಿಟ್ಟುಕೊಂಡೇ ನಿಲ್ಲುವ ಒಬ್ಬ ಹಾಸ್ಟೆಲ್ ಹುಡುಗ ಅಂತ ಇಟ್ಟುಕೊಳ್ಳಿ. ಅವನು ನಿಂತಿರುವುದು ಸಿಂಕ್ ಮುಂದೆ. ಎರಡು ನಿಮಿಷ ಅಲ್ಲೇ ಇರುತ್ತಾನೆ, ಒಂದು ಕೈ ಖಾಲಿ ಇದೆ, ಕಣ್ಣು ಅರ್ಧ ನಿದ್ದೆಯಲ್ಲಿದೆ. ಅವನಿಗೆ ಭೂಮಿಯ ಕಥೆ ಬೇಡ. ಖಾಲಿ ಕೈ ನಲ್ಲಿಯ ಕಡೆ ಹೋದರೆ ಸಾಕು. ನೋಡಿ, ಇಷ್ಟು ಬರೆದದ್ದೇ ಎಷ್ಟೋ ತೀರ್ಮಾನ ಆಗಿಹೋಯಿತು. ಪೋಸ್ಟರ್ ಎಲ್ಲಿರಬೇಕು, ಯಾವ ಎತ್ತರದಲ್ಲಿ, ಅಕ್ಷರ ಎಷ್ಟು ದೊಡ್ಡದು, ಎಷ್ಟು ಪದ, ಎಲ್ಲ.

ಆಮೇಲೆ ಅಳೆಯಿರಿ. ಡಿಸೈನ್ ವಿದ್ಯಾರ್ಥಿಗಳು ಈ ಕೆಲಸ ಮಾಡುವುದೇ ಇಲ್ಲ, ನನಗೆ ಇವತ್ತಿಗೂ ಅರ್ಥವಾಗದ ವಿಷಯ ಅದು. ಒಂದು ಲೀಟರ್ ಬಾಟಲಿಯನ್ನು ನಲ್ಲಿಯ ಕೆಳಗೆ ಹಿಡಿದು ತುಂಬಲು ಎಷ್ಟು ಸೆಕೆಂಡ್ ಬೇಕು ಅಂತ ಫೋನಿನಲ್ಲಿ ನೋಡಿಕೊಳ್ಳಿ. 10 ಸೆಕೆಂಡ್ ಅಂತ ಇಟ್ಟುಕೊಂಡರೆ ನಿಮಿಷಕ್ಕೆ 6 ಲೀಟರ್, ಎರಡು ನಿಮಿಷಕ್ಕೆ 12 ಲೀಟರ್. ಬಾಯಿ ಮುಕ್ಕಳಿಸಲು ನಿಜವಾಗಿ ಬೇಕಾದದ್ದು ಒಂದು ಲೋಟ, ಅಂದರೆ ಕಾಲು ಲೀಟರ್. 12 ಲೀಟರ್‌ನಲ್ಲಿ ಅಂಥ 48 ಲೋಟ ಇವೆ. ಈಗ ಒಂದು ಲೋಟಕ್ಕೆ ಒಂದು ಸೆಂಟಿಮೀಟರ್ ಅಂತ ಹಿಡಿದು ಹಾಳೆಯ ಕೆಳಗಡೆಯಿಂದ ಅಳೆಯಿರಿ. 1 ಸೆಂ.ಮೀ. ಎತ್ತರದಲ್ಲಿ ಒಂದು ಗೆರೆ, ಪಕ್ಕದಲ್ಲಿ ‘ನಿನಗೆ ಬೇಕಾದದ್ದು’. 48 ಸೆಂ.ಮೀ. ಎತ್ತರದಲ್ಲಿ ಇನ್ನೊಂದು ಗೆರೆ, ‘ನೀನು ಬಿಟ್ಟದ್ದು’. ಎ2 ಹಾಳೆಯ ಎತ್ತರ 59.4 ಸೆಂ.ಮೀ., ಆರಾಮಾಗಿ ಹಿಡಿಸುತ್ತದೆ. ನಡುವಿನ ಆ ಖಾಲಿ ಜಾಗ ಇದೆಯಲ್ಲ, ಅದೇ ಪೋಸ್ಟರ್. ಚಿತ್ರ ಬೇಡ, ಹನಿ ಬೇಡ, ಬಹುಶಃ ನೀಲಿ ಬಣ್ಣವೂ ಬೇಡ. ನಿಮ್ಮ ಲೇಔಟ್ ಅನ್ನು ನೀವು ಯೋಚಿಸಿ ಕೂಡಿಸಲಿಲ್ಲ, ಅಳತೆಯೇ ತಂದುಕೊಟ್ಟಿತು. ಮೇಡಂ ‘ಐಡಿಯಾ ಎಲ್ಲಿ’ ಅಂತ ಕೇಳುವಾಗ ಹುಡುಕುತ್ತಿರುವುದು ಇಂಥದ್ದನ್ನು ಅಂತ ನನ್ನ ಊಹೆ. ಪ್ರತಿ ಗೆರೆ, ಪ್ರತಿ ಬಣ್ಣ ‘ಯಾಕೆ ಇಲ್ಲಿ?’ ಅನ್ನುವುದಕ್ಕೆ ಉತ್ತರ ಇಟ್ಟುಕೊಂಡಿರಬೇಕು. ‘ಚೆನ್ನಾಗಿ ಕಂಡಿತು’ ಅನ್ನುವುದು ಕೆಲವೊಮ್ಮೆ ಸರಿಯಾದ ಉತ್ತರವೇ, ಆದರೆ ಎಲ್ಲದಕ್ಕೂ ಅದೊಂದೇ ಉತ್ತರವಾದಾಗ ಕೆಲಸ ಪೊಳ್ಳಾಗಿ ಕಾಣುತ್ತದೆ.

ಕ್ಲಾಸ್ ಪ್ರಾಜೆಕ್ಟ್ ಅಂದರೆ ಸುಮ್ನೆ ಅಭ್ಯಾಸಕ್ಕೆ, ನಿಜವಾದ ಕೆಲಸ ಆಮೇಲೆ ಅಂತ ಎಷ್ಟೋ ಜನ ಅಂದುಕೊಂಡಿರುತ್ತಾರೆ. ಅವರಿಗೆ ನಾನು ಯಾವಾಗಲೂ ಹೇಳುವುದು ಡೆಬೊರಾ ಆಡ್ಲರ್ ಅವರ ಔಷಧಿ ಬಾಟಲಿಯ ವಿಷಯ. ನ್ಯೂಯಾರ್ಕ್‌ನ ಸ್ಕೂಲ್ ಆಫ್ ವಿಷುವಲ್ ಆರ್ಟ್ಸ್‌ನಲ್ಲಿ ಮಾಸ್ಟರ್ಸ್ ಓದುವಾಗ, 2002ರಲ್ಲಿ, ಅವರು ಮಾಡಿದ ಥೀಸಿಸ್ ಅದು. ಅವರ ಅಜ್ಜಿ ತಪ್ಪಿ ಅಜ್ಜನ ಮಾತ್ರೆ ನುಂಗಿಬಿಟ್ಟಿದ್ದರು. ಆಡ್ಲರ್ ಮನೆಯ ಔಷಧಿ ಕಪಾಟು ತೆರೆದು ನೋಡಿದರೆ ಯಾಕೆ ಹೀಗಾಯಿತು ಅಂತ ಗೊತ್ತಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಎಲ್ಲ ಬಾಟಲಿಯೂ ಒಂದೇ ಥರ. ಲೇಬಲ್‌ನಲ್ಲಿ ಎದ್ದು ಕಾಣುತ್ತಿದ್ದದ್ದು ಔಷಧಿ ಅಂಗಡಿಯ ಹೆಸರು, ಮಾತ್ರೆಯ ಹೆಸರು ಎಲ್ಲೋ ಕೆಳಗೆ. ಬಾಟಲಿ ದುಂಡಗಿದ್ದದ್ದರಿಂದ ಓದಬೇಕಾದರೆ ತಿರುಗಿಸುತ್ತಲೇ ಇರಬೇಕು.

ಅವರು ಮಾಡಿದ್ದು ಏನು ನೋಡಿ. ಮಾತ್ರೆಯ ಹೆಸರನ್ನು ಮೇಲಕ್ಕೆ ತಂದರು, ಹೇಗೆ ತೆಗೆದುಕೊಳ್ಳಬೇಕು ಅನ್ನುವುದನ್ನು ಅದರ ಕೆಳಗಿಟ್ಟರು, ಅಷ್ಟು ಮುಖ್ಯವಲ್ಲದ್ದನ್ನು ಒಂದು ಗೆರೆ ಹಾಕಿ ಬೇರೆ ಮಾಡಿದರು. ಲೇಬಲ್ ಒಂದೇ ನೋಟಕ್ಕೆ ಸಿಗಲಿ ಅಂತ ಬಾಟಲಿಗೆ ಚಪ್ಪಟೆ ಮುಖ ಬಂತು. ಮನೆಯ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಉಂಗುರ, ಬಾಟಲಿಯ ಕುತ್ತಿಗೆಗೆ. ಅಮೆರಿಕದ ಟಾರ್ಗೆಟ್ ಮಳಿಗೆಗಳು 2005ರಲ್ಲಿ ಇದನ್ನು ‘ಕ್ಲಿಯರ್‌ಆರ್‌ಎಕ್ಸ್’ ಅನ್ನುವ ಹೆಸರಿನಲ್ಲಿ ಬಳಕೆಗೆ ತಂದವು, ಅಷ್ಟು ಹೊತ್ತಿಗೆ ಬಾಟಲಿಯ ಆಕಾರವನ್ನು ತಿದ್ದಲು ಇಂಡಸ್ಟ್ರಿಯಲ್ ಡಿಸೈನರ್ ಒಬ್ಬರೂ ಸೇರಿಕೊಂಡಿದ್ದರು. ನ್ಯೂಯಾರ್ಕ್‌ನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನ ಸಂಗ್ರಹದಲ್ಲೂ ಅದು ಇದೆ. ಇದರಲ್ಲಿ ‘ಕ್ರಿಯೇಟಿವ್’ ಅಂತ ಬೊಟ್ಟು ಮಾಡಿ ತೋರಿಸುವ ಚಿತ್ರ ಒಂದೂ ಇಲ್ಲ, ಗಮನಿಸಿದಿರಾ? ಯಾವುದು ಮೊದಲು, ಯಾವುದು ಆಮೇಲೆ ಅನ್ನುವ ಕ್ರಮ, ಅಷ್ಟೇ. ನಿಮ್ಮ ಕ್ಲಾಸಿನಲ್ಲಿ ‘ಹೈರಾರ್ಕಿ’ ಅಂತ ಹೇಳಿಕೊಡುವುದು ಇದನ್ನೇ.

ಹಾಗಾಗಿ ಚಿಕ್ಕ ಪುಸ್ತಕಕ್ಕೆ ‘ಇಷ್ಟವಾದ ವಿಷಯ’ ಹುಡುಕುವಾಗ ಇಷ್ಟದ ಜೊತೆ ಕಿರಿಕಿರಿಯನ್ನೂ ಹುಡುಕಿ. ಮನೆಯವರು ಯಾವ ಅರ್ಜಿಯನ್ನು ತುಂಬುವಾಗ ನಿಮ್ಮನ್ನು ಕರೆಯುತ್ತಾರೆ? ಯಾವ ಯಂತ್ರದ ಬಟನ್ ಮೇಲೆ ಯಾರೋ ಪೆನ್ನಿನಲ್ಲಿ ಬರೆದು ಅಂಟಿಸಿದ್ದಾರೆ? ಹಾಗೆ ಕೈಯಿಂದ ಬರೆದು ಅಂಟಿಸಿದ ಚೀಟಿ ಕಂಡಲ್ಲೆಲ್ಲ ಡಿಸೈನ್ ಸೋತಿದೆ ಅಂತ ಅರ್ಥ, ನಿಮಗೆ ಪ್ರಾಜೆಕ್ಟ್ ಸಿಕ್ಕಿದೆ ಅಂತಲೂ ಅರ್ಥ. ನಾನು ಅಂಥ ಚೀಟಿಗಳ ಫೋಟೊ ತೆಗೆದಿಟ್ಟುಕೊಳ್ಳುತ್ತೇನೆ, ಸ್ವಲ್ಪ ಹುಚ್ಚು ಅನ್ನಿಸಬಹುದು. ಅವನ್ನೇ ಕಲೆಹಾಕಿದರೆ ಒಂದು ಪುಸ್ತಕ ಆಗುತ್ತದೆ ನೋಡಿ, ಬೇಕಾದರೆ ಈ ವಿಷಯವನ್ನು ನೀವೇ ತೆಗೆದುಕೊಳ್ಳಿ.

ಲೋಗೊಗೆ ಬರೋಣ. ಇಲ್ಲಿ ವಿದ್ಯಾರ್ಥಿಗಳ ತಪ್ಪು ಉಲ್ಟಾ ಇರುತ್ತದೆ, ಐಡಿಯಾ ಜಾಸ್ತಿಯಾಗುತ್ತದೆ. ಗ್ರಂಥಾಲಯ ಅಂದ ಮೇಲೆ ಪುಸ್ತಕ ಬೇಕು, ಜ್ಞಾನಕ್ಕೆ ದೀಪ, ಬೆಳವಣಿಗೆಗೆ ಎಲೆ, ಜನರಿಗೆ ಒಂದು ಕೈ, ಸುತ್ತ ಒಂದು ವೃತ್ತ. ಸೆಮಿಸ್ಟರ್‌ಗೆ ಹತ್ತಾದರೂ ಇಂಥದ್ದು ನೋಡುತ್ತೇನೆ. ಇದನ್ನು 16 ಪಿಕ್ಸೆಲ್‌ಗೆ ಇಳಿಸಿ ಬ್ರೌಸರ್‌ನ ಟ್ಯಾಬ್‌ನಲ್ಲಿ ಇಟ್ಟು ನೋಡಿ, ಒಂದು ಮಸುಕು ಚುಕ್ಕೆ ಉಳಿಯುತ್ತದೆ. ಲೋಗೊ ಒಂದೇ ಬಣ್ಣದಲ್ಲಿ, ಅದೂ ಕಪ್ಪಿನಲ್ಲಿ, ಮೊದಲು ನಿಲ್ಲಬೇಕು. ಗ್ರಂಥಾಲಯದ್ದಾದರೆ ಅದು ರಬ್ಬರ್ ಸ್ಟಾಂಪ್‌ನಲ್ಲೂ ಬರುತ್ತದೆ, ಪುಸ್ತಕದ ಬೆನ್ನಿನ ಮೇಲಿನ ಒಂದು ಸೆಂಟಿಮೀಟರ್ ಚೀಟಿಯಲ್ಲೂ ಬರುತ್ತದೆ. ಆ ಎರಡು ಜಾಗಕ್ಕೆ ಮೊದಲು ಬಿಡಿಸಿ, ದೊಡ್ಡ ಫಲಕಕ್ಕೆ ಆಮೇಲೆ. ಗ್ರೇಡಿಯೆಂಟ್ (ಒಂದು ಬಣ್ಣ ಇನ್ನೊಂದಕ್ಕೆ ಕರಗುವುದು), ನೆರಳು ಎಲ್ಲ ಕೊನೆಗೆ ನೋಡಿಕೊಳ್ಳಿ, ಬಹುಶಃ ಬೇಕೇ ಆಗುವುದಿಲ್ಲ.

ಇಬ್ಬರು ವಿದ್ಯಾರ್ಥಿಗಳ ಕೆಲಸ ನೆನಪಿಗೆ ಬರುತ್ತದೆ. 1970ರಲ್ಲಿ ಗ್ಯಾರಿ ಆಂಡರ್ಸನ್ ಅನ್ನುವ 23 ವರ್ಷದ ವಿದ್ಯಾರ್ಥಿ ಒಂದು ಸ್ಪರ್ಧೆಗೆ ಮೂರು ಬಾಣಗಳ ಗುರುತು ಕಳಿಸಿದರು, ಒಂದರ ಬಾಲ ಇನ್ನೊಂದರ ತಲೆಯ ಹಿಂದೆ, ಮಡಿಸಿದ ಪಟ್ಟಿಯ ಹಾಗೆ. ಮರುಬಳಕೆಯ ಗುರುತು ಅಂತ ಇವತ್ತು ಬಾಟಲಿ, ಡಬ್ಬ, ರಟ್ಟಿನ ಪೆಟ್ಟಿಗೆ ಎಲ್ಲದರ ಮೇಲೆ ಕಾಣುವುದು ಅದೇ. ಅದಕ್ಕೆ ಅವರು ಹಿಡಿದದ್ದು ಮೋಬಿಯಸ್ ಪಟ್ಟಿ, ಅರ್ಧ ಸುತ್ತು ತಿರುಚಿ ಎರಡೂ ತುದಿ ಸೇರಿಸಿದ ಪಟ್ಟಿ. ಅದಕ್ಕೆ ಒಳಮುಖ ಹೊರಮುಖ ಅಂತ ಬೇರೆ ಇಲ್ಲ, ಹೊರಟರೆ ಹೊರಟಲ್ಲಿಗೇ ಬರುತ್ತೀರಿ. ವಸ್ತು ಮತ್ತೆ ವಸ್ತುವಾಗುವುದನ್ನು ಹೇಳಲು ಇದಕ್ಕಿಂತ ಇನ್ನೇನು ಬೇಕು? ಎಲೆ ಇಲ್ಲ, ಹಸಿರು ಇಲ್ಲ, ಭೂಮಿ ಇಲ್ಲ.

ಇನ್ನೊಬ್ಬರು ಕ್ಯಾರೊಲಿನ್ ಡೇವಿಡ್‌ಸನ್. 1971ರಲ್ಲಿ ಪೋರ್ಟ್‌ಲ್ಯಾಂಡ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಗ್ರಾಫಿಕ್ ಡಿಸೈನ್ ಓದುತ್ತಲೇ ನೈಕಿ ಕಂಪನಿಯ ಆ ಬಾಗಿದ ಗುರುತು ಬಿಡಿಸಿ 35 ಡಾಲರ್ ಬಿಲ್ ಕೊಟ್ಟವರು. ಜನ ಈ ಕಥೆಯನ್ನು 35 ಡಾಲರ್ ಅನ್ನುವ ಬೆರಗಿಗೆ ಹೇಳುತ್ತಾರೆ (1983ರಲ್ಲಿ ಕಂಪನಿ ಅವರಿಗೆ ಷೇರು ಕೊಟ್ಟಿತು ಅನ್ನುವುದನ್ನು ಮಾತ್ರ ಮರೆಯುತ್ತಾರೆ). ನನಗೆ ಮುಖ್ಯ ಅನ್ನಿಸುವುದು ಬೇರೆ. ಮೊದಲು ನೋಡಿದಾಗ ಕಂಪನಿಯವರಿಗೆ ಅದು ಅಷ್ಟೇನೂ ಹಿಡಿಸಿರಲಿಲ್ಲ, ಬೇರೆ ದಾರಿ ಇಲ್ಲದೆ ಒಪ್ಪಿಕೊಂಡರು. ಗುರುತಿನಲ್ಲಿ ಬೂಟೂ ಇರಲಿಲ್ಲ, ಓಡುವ ಮನುಷ್ಯನೂ ಇರಲಿಲ್ಲ. ವರ್ಷಗಟ್ಟಲೆ ಬೂಟಿನ ಪಕ್ಕದಲ್ಲಿ ನೋಡಿ ನೋಡಿ ಅದಕ್ಕೆ ಅರ್ಥ ಬಂತು. ಅಂದಮೇಲೆ ನಿಮ್ಮ ಲೋಗೊ ಗ್ರಂಥಾಲಯದ ಎಲ್ಲ ಕೆಲಸವನ್ನೂ ಚಿತ್ರ ಬಿಡಿಸಿ ವಿವರಿಸಬೇಕಾಗಿಲ್ಲ. ಗುರುತು ಸಿಕ್ಕಬೇಕು, ನೆನಪಿರಬೇಕು, ಎಲ್ಲ ಅಳತೆಯಲ್ಲೂ ಅದೇ ಅಂತ ಗೊತ್ತಾಗಬೇಕು.

ಪುಸ್ತಕದ ವಿಷಯದಲ್ಲಿ ನನ್ನದೇ ಅವಮಾನ ಹೇಳುತ್ತೇನೆ. ವಿದ್ಯಾರ್ಥಿಯಾಗಿದ್ದಾಗ 18 ಪುಟದ ಪುಸ್ತಕ ಮಾಡಿದೆ, ಸ್ಕ್ರೀನ್ ಮೇಲೆ ತುಂಬಾ ಚೆನ್ನಾಗಿತ್ತು. ಒಪ್ಪಿಸುವ ಹಿಂದಿನ ಸಂಜೆ ಬೈಂಡಿಂಗ್‌ಗೆ ಕೊಟ್ಟರೆ ಅಲ್ಲಿದ್ದವರು ಹಾಳೆ ಎಣಿಸಿ, ‘ಉಳಿದ ಎರಡು ಪುಟ ಏನು ಮಾಡಲಿ?’ ಅಂದರು. ನಡುವೆ ಪಿನ್ ಹೊಡೆಯುವ ಪುಸ್ತಕದಲ್ಲಿ ಒಂದು ಹಾಳೆ ಮಡಿಸಿದರೆ ನಾಲ್ಕು ಪುಟ, ಹಾಗಾಗಿ ಪುಟದ ಲೆಕ್ಕ ಯಾವಾಗಲೂ ನಾಲ್ಕರ ಮಗ್ಗಿ. 16 ಅಥವಾ 20, 18 ಅನ್ನುವುದೇ ಇಲ್ಲ. ಆ ರಾತ್ರಿ ಎರಡು ಪುಟ ಸುಮ್ನೆ ಬಣ್ಣ ತುಂಬಿ ಕೊಟ್ಟೆ, ಮಾರನೆಯ ದಿನ ಎಲ್ಲರೂ ಆ ಎರಡು ಪುಟದ ಅರ್ಥ ಏನು ಅಂತಲೇ ಕೇಳಿದರು.

ಅದಕ್ಕೇ ಹೇಳುವುದು, ಕಂಪ್ಯೂಟರ್ ಆನ್ ಮಾಡುವ ಮೊದಲು ಖಾಲಿ ಕಾಗದ ಮಡಿಸಿ ಒಂದು ಡಮ್ಮಿ ಮಾಡಿ. ಪುಟದ ನಂಬರ್ ಹಾಕಿ, ಪೆನ್ಸಿಲ್‌ನಲ್ಲಿ ಎಲ್ಲಿ ಚಿತ್ರ, ಎಲ್ಲಿ ಬರಹ ಅಂತ ಗುರುತು ಹಾಕಿ, ತಿರುವಿ ನೋಡಿ. ಪುಸ್ತಕದ ಐಡಿಯಾ ಎಷ್ಟೋ ಸಲ ತಿರುವುವಾಗಲೇ ಹುಟ್ಟುತ್ತದೆ, ಮುಂದಿನ ಪುಟದಲ್ಲಿ ಏನಿದೆ ಅಂತ ಗೊತ್ತಿಲ್ಲದ ಆ ಒಂದು ಕ್ಷಣ ಪೋಸ್ಟರ್‌ಗೆ ಇಲ್ಲ, ಸ್ಕ್ರೀನಿಗೆ ಅಷ್ಟಾಗಿ ಇಲ್ಲ. ಪ್ರಶ್ನೆ ಬಲಗಡೆ ಪುಟದಲ್ಲಿ, ಉತ್ತರ ತಿರುವಿದ ಮೇಲೆ. ಬೆನ್ನಿನ ಕಡೆ ಅಂಚು ಕಡಿಮೆ ಬಿಟ್ಟರೆ ಅಕ್ಷರ ಮಡಿಕೆಯೊಳಗೆ ಮುಳುಗುತ್ತದೆ ಅನ್ನುವುದೂ ಡಮ್ಮಿ ಹಿಡಿದಾಗಲೇ ತಿಳಿಯುತ್ತದೆ.

ಕಾಗದದ ಮಾತು ಬಂದಾಗ ಯೋಸೆಫ್ ಆಲ್ಬರ್ಸ್ ಅವರ ಪಾಠ ನೆನಪಾಗುತ್ತದೆ. ಜರ್ಮನಿಯ ಬೌಹೌಸ್ ಅನ್ನುವ ಕಲೆ-ವಿನ್ಯಾಸದ ಶಾಲೆಯಲ್ಲಿ 1923ರಿಂದ ಅದು ಮುಚ್ಚಿದ 1933ರವರೆಗೆ ಹೊಸ ವಿದ್ಯಾರ್ಥಿಗಳಿಗೆ ಮೊದಲ ಪಾಠ ಮಾಡಿದವರಲ್ಲಿ ಅವರೂ ಒಬ್ಬರು. ಕೈಗೆ ಬರೀ ಕಾಗದ ಕೊಟ್ಟು, ವ್ಯರ್ಥ ಮಾಡದೆ ಇದರಿಂದ ಏನಾದರೂ ಮಾಡಿ ಅನ್ನುತ್ತಿದ್ದರು. ಕೋಟೆ, ದೋಣಿ ಅಂತ ಮಾಡಿದವರಿಗಿಂತ, ಕಾಗದವನ್ನು ಮಡಿಸಿ ಅದು ತನ್ನ ಅಂಚಿನ ಮೇಲೆ ತಾನೇ ನಿಲ್ಲುವ ಹಾಗೆ ಮಾಡಿದವರ ಕೆಲಸ ಅವರಿಗೆ ಮೆಚ್ಚುಗೆ. ಕಾಗದಕ್ಕೆ ಏನು ಬರುತ್ತದೋ ಅದನ್ನು ಮಾಡಿಸಿದರು ಅಂತ. ಆಮೇಲೆ ಅಮೆರಿಕದಲ್ಲಿ ಬಣ್ಣದ ಪಾಠ ಮಾಡುವಾಗಲೂ ಇದೇ ರೀತಿ, ಒಂದೇ ಬಣ್ಣದ ಎರಡು ಚೂರು ಕಾಗದವನ್ನು ಬೇರೆ ಬೇರೆ ಹಿನ್ನೆಲೆಯ ಮೇಲಿಟ್ಟು ಎರಡು ಬಣ್ಣದ ಹಾಗೆ ಕಾಣಿಸಿ ಅನ್ನುವ ಲೆಕ್ಕ. ಈ ಎರಡನ್ನೂ ಒಂದು ಭಾನುವಾರ ಮಾಡಿ ನೋಡಿ. ಕಟ್ಟುಪಾಡು ಬಿಗಿಯಾದಷ್ಟೂ ಕೈ ಓಡುತ್ತದೆ. ‘ಏನು ಬೇಕಾದರೂ ಮಾಡಿ’ ಅಂದರೆ ಎಲ್ಲರಿಗೂ ಕೈ ಕಟ್ಟಿದ ಹಾಗೆ ಆಗುತ್ತದಲ್ವಾ, ಹಾಗಾಗಿ ಬ್ರೀಫ್ ಸಡಿಲವಾಗಿದ್ದರೆ ನೀವೇ ಒಂದು ಹಗ್ಗ ಕಟ್ಟಿಕೊಳ್ಳಿ: ಎರಡೇ ಬಣ್ಣ, ಅಥವಾ ಅಕ್ಷರ ಮಾತ್ರ, ಅಥವಾ ಒಂದೇ ಹಾಳೆ.

ಪುಸ್ತಕ ಕನ್ನಡದಲ್ಲಾದರೆ ಎರಡು ಮಾತು ಜಾಸ್ತಿ. ಸಾಲುಗಳ ನಡುವಿನ ಜಾಗ ಸಾಫ್ಟ್‌ವೇರ್ ತಾನಾಗಿ ಕೊಡುವುದು ಸಾಮಾನ್ಯವಾಗಿ ಅಕ್ಷರದ ಅಳತೆಯ ಶೇ. 120, ಅದು ಇಂಗ್ಲಿಷ್ ಅಕ್ಷರಗಳನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ನಮ್ಮ ಒತ್ತಕ್ಷರ ಕೆಳಗೆ ಇಳಿಯುತ್ತದೆ, ಮುಂದಿನ ಸಾಲಿನ ಗುಡಿಸು ಮೇಲೆ ಏಳುತ್ತದೆ, ಎರಡೂ ಡಿಕ್ಕಿ ಹೊಡೆಯುತ್ತವೆ. ‘ಸ್ತ್ರೀ’, ‘ರಾಷ್ಟ್ರ’ದಂಥ ಪದಗಳಿರುವ ಸಾಲು ಹಾಕಿ ಪರೀಕ್ಷಿಸಿ, ಜಾಗ ಹೆಚ್ಚಿಸಿ. ಒತ್ತು ಪಕ್ಕಕ್ಕೆ ಸರಿದು ಒಡೆದು ಕಂಡರೆ ಫಾಂಟ್ ಬದಲಿಸುವ ಮೊದಲು ಪುಟ ಜೋಡಿಸುವ ಇನ್‌ಡಿಸೈನ್ ಸಾಫ್ಟ್‌ವೇರ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ (ನಮ್ಮಂಥ ಲಿಪಿಗಳನ್ನು ಸರಿಯಾಗಿ ಜೋಡಿಸುವ ಸೆಟ್ಟಿಂಗ್) ಆಯ್ಕೆ ಆಗಿದೆಯಾ ನೋಡಿ. ಇಂಗ್ಲಿಷ್‌ನಲ್ಲಾದರೆ ಒಂದು ಸಾಲಿಗೆ 45ರಿಂದ 75 ಅಕ್ಷರ ಅನ್ನುವ ಲೆಕ್ಕ ಇದೆ, ಕನ್ನಡಕ್ಕೆ ಎಣಿಸುವ ಬದಲು ಪ್ರಿಂಟ್ ತೆಗೆದು ಗಟ್ಟಿಯಾಗಿ ಓದಿ, ಮುಂದಿನ ಸಾಲಿಗೆ ಬರುವಾಗ ಕಣ್ಣು ತಪ್ಪಿದರೆ ಸಾಲು ಉದ್ದವಾಗಿದೆ.

ಪ್ರಿಂಟ್ ವಿಷಯ ಬೇಗ ಮುಗಿಸುತ್ತೇನೆ, ಇದು ಎಲ್ಲ ಕಡೆ ಸಿಗುತ್ತದೆ. ಅಂಚಿನವರೆಗೆ ಬಣ್ಣ ಇದ್ದರೆ ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಕತ್ತರಿಸುವ ಗೆರೆಯ ಆಚೆಗೂ ಹೋಗುವ ಬಣ್ಣ) ಬಿಡಿ. ಫೋಟೊ ಪ್ರಿಂಟ್ ಆಗುವ ಅಳತೆಯಲ್ಲೇ 300 ಪಿಪಿಐ (ಇಂಚಿಗೆ 300 ಪಿಕ್ಸೆಲ್) ಇರಲಿ. ಸ್ಕ್ರೀನ್ ಮೇಲೆ ಹೊಳೆಯುವ ನೀಲಿ ನಾಲ್ಕು ಶಾಯಿಯಲ್ಲಿ ನೇರಳೆ ಕಡೆ ವಾಲುತ್ತದೆ, ಗಾಬರಿಯಾಗಬೇಡಿ, ಮೊದಲೇ ಸಿಎಂವೈಕೆಗೆ (ಆ ನಾಲ್ಕು ಅಚ್ಚಿನ ಶಾಯಿಗಳ ಬಣ್ಣಕ್ಕೆ) ಹಾಕಿ ನೋಡಿ. ಸಣ್ಣ ಅಕ್ಷರವನ್ನು ಕಪ್ಪು ಶಾಯಿ ಒಂದರಲ್ಲೇ ಇಡಿ, ನಾಲ್ಕೂ ಶಾಯಿ ಸೇರಿದ ಕಪ್ಪಾದರೆ ಅಚ್ಚಿನ ಪ್ಲೇಟ್ ಒಂದು ಕೂದಲೆಳೆ ಸರಿದರೂ ಅಕ್ಷರದ ಅಂಚು ಮಸುಕಾಗುತ್ತದೆ. ಸ್ಕ್ರೀನ್‌ಗೆ ಮಾಡುವ ಕೆಲಸವಾದರೆ ಅಕ್ಷರಕ್ಕೂ ಹಿನ್ನೆಲೆಗೂ ಕಾಂಟ್ರಾಸ್ಟ್ (ತಿಳಿ-ಗಾಢದ ವ್ಯತ್ಯಾಸ) ಕನಿಷ್ಠ 4.5:1 ಇರಲಿ, ಅದನ್ನು ಅಳೆಯುವ ಸಾಧನ ಉಚಿತವಾಗಿ ಸಿಗುತ್ತದೆ. ತಿಳಿ ಬೂದು ಹಿನ್ನೆಲೆಯ ಮೇಲೆ ಇನ್ನಷ್ಟು ತಿಳಿ ಬೂದು ಅಕ್ಷರ ಹಾಕುವ ಚಾಳಿ ನಮ್ಮ ಕ್ಷೇತ್ರದಲ್ಲಿ ಯಾಕೆ ಸಾಯುವುದಿಲ್ಲವೋ ನನಗೆ ಗೊತ್ತಿಲ್ಲ.

ಕ್ಲಾಸಿನಲ್ಲಿ ಕೆಲಸ ಗೋಡೆಗೆ ಹಚ್ಚಿ ಮಾತಾಡುವ ಕ್ರಿಟ್ ಇದೆಯಲ್ಲ, ಅದನ್ನು ನೀವು ಸರಿಯಾಗಿ ಬಳಸಿಕೊಳ್ಳುತ್ತಿಲ್ಲ ಅನ್ನಿಸುತ್ತದೆ. ‘ಐಡಿಯಾ ಎಲ್ಲಿ?’ ಅಂತ ಮೇಡಂ ಕೇಳಿದಾಗ ನೀವು ತಿರುಗಿ ಏನು ಕೇಳಿದಿರಿ ಅಂತ ಪತ್ರದಲ್ಲಿ ಬರೆದಿಲ್ಲ, ಬಹುಶಃ ಸುಮ್ಮನೆ ತಲೆಯಾಡಿಸಿ ಬಂದಿರಿ. ಮುಂದಿನ ಸಲ ಮುಗಿದ ಕೆಲಸ ತೆಗೆದುಕೊಂಡು ಹೋಗಬೇಡಿ. ಮೂರು ಬೇರೆ ಬೇರೆ ದಾರಿಗಳ ಪೆನ್ಸಿಲ್ ಸ್ಕೆಚ್ ಹಿಡಿದು ಹೋಗಿ. ಫಿನಿಶ್ ಆದ ಕೆಲಸ ನೋಡಿದರೆ ಜನ ಬಣ್ಣ, ಫಾಂಟ್ ಮಾತಾಡುತ್ತಾರೆ, ಸ್ಕೆಚ್ ನೋಡಿದರೆ ಯೋಚನೆ ಮಾತಾಡುತ್ತಾರೆ. ಗೆಳೆಯರ ಹತ್ತಿರ ‘ಹೇಗಿದೆ?’ ಅಂತ ಕೇಳಬೇಡಿ, ‘ಚೆನ್ನಾಗಿದೆ’ ಅನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಪೋಸ್ಟರನ್ನು ಐದು ಸೆಕೆಂಡ್ ತೋರಿಸಿ ಮಡಚಿಡಿ, ಏನು ನೋಡಿದೆ ಅಂತ ಕೇಳಿ. ಅವರು ಹೇಳಿದ್ದು ನೀವು ಹೇಳಬೇಕೆಂದಿದ್ದದ್ದಲ್ಲದಿದ್ದರೆ ವಾದ ಮಾಡಬೇಡಿ, ಬರೆದುಕೊಳ್ಳಿ. ಗೋಡೆಯ ಪಕ್ಕ ನಿಂತು ವಿವರಿಸಲು ನೀವು ಎಲ್ಲ ಕಡೆ ಇರುವುದಿಲ್ಲ.

ಸ್ಫೂರ್ತಿ ಪಡೆಯುವುದಕ್ಕೂ ಕದಿಯುವುದಕ್ಕೂ ಗೆರೆ ಎಲ್ಲಿ ಅಂತ ನೀವು ಕೇಳಿಲ್ಲ, ಆದರೆ ಪಿಂಟರೆಸ್ಟ್ ಹೆಸರು ಬಂದದ್ದರಿಂದ ಹೇಳುತ್ತೇನೆ. ಒಂದೇ ಕೆಲಸವನ್ನು ಪಕ್ಕದಲ್ಲಿಟ್ಟುಕೊಂಡು ಮಾಡಿದರೆ ಅದು ನಕಲು. ಇಷ್ಟವಾದದ್ದು ಸಿಕ್ಕಿದರೆ ಅದು ಯಾಕೆ ಕೆಲಸ ಮಾಡುತ್ತಿದೆ ಅಂತ ಎರಡು ಸಾಲು ಬರೆದು, ಚಿತ್ರ ಮುಚ್ಚಿ, ಬರೆದ ಸಾಲು ಮಾತ್ರ ಇಟ್ಟುಕೊಂಡು ಕೆಲಸ ಶುರು ಮಾಡಿ. ಇನ್ನೂ ಒಳ್ಳೆಯದು, ಡಿಸೈನ್ ಅಲ್ಲದ ಕಡೆ ನೋಡುವುದು. ಹ್ಯಾರಿ ಬೆಕ್ ಅವರನ್ನೇ ನೋಡಿ. 1931ರಲ್ಲಿ ಲಂಡನ್ನಿನ ಸುರಂಗ ರೈಲಿನ ಹೊಸ ನಕ್ಷೆ ಬಿಡಿಸಿದಾಗ ಅವರು ನಕ್ಷೆ ಮಾಡುವವರಾಗಿರಲಿಲ್ಲ, ಎಂಜಿನಿಯರಿಂಗ್ ಡ್ರಾಫ್ಟ್ಸ್‌ಮನ್. ನೇರ ಗೆರೆ, ಅಡ್ಡ ಗೆರೆ, 45 ಡಿಗ್ರಿ ಓರೆ ಗೆರೆ, ಇಷ್ಟೇ. ನಿಲ್ದಾಣಗಳ ನಡುವಿನ ನಿಜವಾದ ದೂರವನ್ನೇ ಕೈಬಿಟ್ಟರು, ಯಾಕೆಂದರೆ ನೆಲದಡಿ ಕೂತವನಿಗೆ ದೂರ ಬೇಡ, ಎಲ್ಲಿ ಇಳಿದು ಬದಲಿಸಬೇಕು ಅನ್ನುವುದು ಬೇಕು. ರೈಲು ಸಂಸ್ಥೆಯವರು ಮೊದಲು ಬೇಡ ಅಂದರು, 1933ರಲ್ಲಿ ಅಚ್ಚಾಯಿತು, ಜನ ಮುಗಿಬಿದ್ದರು.

ಪೋರ್ಟ್‌ಫೋಲಿಯೊ ಪ್ರಶ್ನೆ ಉಳಿಯಿತು. ಹಾಕಿ, ಧಾರಾಳವಾಗಿ. ಓದುವಾಗ ಬೇರೆ ಏನಿರುತ್ತದೆ? ಕ್ಲಾಸ್ ಪ್ರಾಜೆಕ್ಟ್ ಅಂತ ಬರೆದೇ ಹಾಕಿ, ಇಲ್ಲದ ಕ್ಲೈಂಟ್ ಹೆಸರು ಸೃಷ್ಟಿಸಬೇಡಿ. ಗುಂಪಿನಲ್ಲಿ ಮಾಡಿದ್ದಾದರೆ ನಿಮ್ಮ ಪಾಲು ಏನು ಅಂತ ಒಂದು ಸಾಲು. ಹದಿನೈದು ಕೆಲಸ ತುರುಕುವ ಬದಲು ಆರು ಸಾಕು, ಅದರಲ್ಲಿ ಎರಡರ ಹುಟ್ಟನ್ನು ಪೂರ್ತಿ ತೋರಿಸಿ. ಬಾಟಲಿಯಿಂದ ನೀರು ಅಳೆದ ಫೋಟೊ, ಆ 20 ಕೆಟ್ಟ ಸ್ಕೆಚ್, ಐದು ಸೆಕೆಂಡ್ ಪರೀಕ್ಷೆಯಲ್ಲಿ ಗೆಳೆಯರು ತಪ್ಪಾಗಿ ಹೇಳಿದ್ದು, ಅದಕ್ಕೆ ನೀವು ಏನು ಬದಲಿಸಿದಿರಿ. ಸಂದರ್ಶನದಲ್ಲಿ ನಾನು ನಿಂತು ನೋಡುವುದು ಆ ಪುಟಗಳಲ್ಲೇ. ಮಾಕಪ್‌ನಲ್ಲಿ (ಕೆಲಸವನ್ನು ನಿಜವಾದ ವಸ್ತುವಿನ ಹಾಗೆ ತೋರಿಸುವ ಚಿತ್ರದಲ್ಲಿ) ಕಾಫಿ ಕಪ್ ಪಕ್ಕ ಇಟ್ಟ ಕಾರ್ಡ್ ಚಿತ್ರ ಎಲ್ಲರ ಹತ್ತಿರವೂ ಇರುತ್ತದೆ.

ಅಂಕ ಕಡಿಮೆ ಬಂದ ಕೆಲಸ ಅಂತ ಯಾವುದನ್ನೂ ತೆಗೆದುಹಾಕಬೇಡಿ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಮಾಯಾ ಲಿನ್ ಕ್ಲಾಸಿಗೆ ಮಾಡಿದ ವಿನ್ಯಾಸವನ್ನೇ ವಿಯೆಟ್ನಾಂ ಯುದ್ಧದ ಸ್ಮಾರಕದ ಸ್ಪರ್ಧೆಗೆ ಕಳಿಸಿ 1981ರಲ್ಲಿ ಗೆದ್ದಾಗ ಅವರಿಗೆ 21 ವರ್ಷ. ಎದುರಿಗೆ 1,400ಕ್ಕೂ ಹೆಚ್ಚು ವಿನ್ಯಾಸ ಇದ್ದವು, ತೀರ್ಪು ಕೊಟ್ಟವರಿಗೆ ಯಾರ ಹೆಸರೂ ಗೊತ್ತಿರಲಿಲ್ಲ. ಕ್ಲಾಸಿನಲ್ಲಿ ಅದಕ್ಕೆ ಸಿಕ್ಕಿದ್ದು ಬಿ ಗ್ರೇಡ್. ಅದು ಕಟ್ಟಡದ ಕೆಲಸ ನಿಜ, ಆದರೆ ಅದರಲ್ಲಿ ನಮ್ಮ ಪಾಠವೂ ಒಂದಿದೆ. ಸ್ಮಾರಕದ ಗೋಡೆಯ ಮೇಲೆ, ಯುದ್ಧದಲ್ಲಿ ಸತ್ತವರ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸದೆ ತಾರೀಖಿನ ಕ್ರಮದಲ್ಲಿ ಜೋಡಿಸಿದ್ದಾರೆ. ಒಟ್ಟಿಗೆ ಸತ್ತವರು ಗೋಡೆಯ ಮೇಲೂ ಒಟ್ಟಿಗೆ ಇದ್ದಾರೆ. ಫೋನ್ ಡೈರೆಕ್ಟರಿ ಆಗಬಹುದಾಗಿದ್ದದ್ದು ಜೋಡಣೆಯ ಕ್ರಮದಿಂದ ಬೇರೆಯೇ ಆಯಿತು.

ಇವತ್ತು ರಾತ್ರಿ ಆ ಬಾಟಲಿ ಹಿಡಿದು ನಿಮ್ಮ ನಲ್ಲಿ ಅಳೆಯಿರಿ. ನನ್ನ ಲೆಕ್ಕ ನಿಮಿಷಕ್ಕೆ 6 ಲೀಟರ್ ಅಂತ ಇತ್ತು. ನಿಮ್ಮದು 9 ಬಂದರೆ ಮೇಲಿನ ಗೆರೆ 72 ಸೆಂ.ಮೀ.ಗೆ ಏರುತ್ತದೆ, ಎ2 ಸಾಲುವುದಿಲ್ಲ. ಆಗ ಎ1 ತೆಗೆದುಕೊಳ್ಳಬೇಕಾ, ಇಲ್ಲ ಮೇಲಿನ ಗೆರೆ ಹಾಳೆಯ ಆಚೆ ಗೋಡೆಯ ಮೇಲೆಯೇ ಬೀಳಲಿ ಅಂತ ಬಿಡಬೇಕಾ ಅನ್ನುವುದನ್ನು ಮೇಡಂ ಜೊತೆ ಕೂತು ಮಾತಾಡಿ. ನನಗಂತೂ ಎರಡನೆಯದೇ ಇಷ್ಟ.